ಭಾರೀ ಹಿಮ ಬಿದ್ದ ಮೇಲೆ ಸೌತ್ ಡಕೋಟಾದ ಸಾರ್ವಜನಿಕ ಜಾಗದಲ್ಲಿ ಫೆಸೆಂಟ್ ಬೇಟೆಗೆ ಹೋಗಬಹುದೇ?

ಜನವರಿಯಲ್ಲಿ ಎರಡು ದಿನದ ಮಟ್ಟಿಗೆ ಮಿನಿಯಾಪೊಲಿಸ್‌ನಿಂದ ಹ್ಯೂರಾನ್ ಕಡೆಗೆ ಹೊರಟಿದ್ದೀರಿ, ಜೊತೆಗೆ ಒಬ್ಬ ಸ್ನೇಹಿತರೂ ಒಂದು ಲ್ಯಾಬ್ರಡಾರ್ ನಾಯಿಯೂ ಇದ್ದಾರೆ, ಮೊನ್ನೆಯಷ್ಟೇ ಒಂದಡಿಗೂ ಮೀರಿ ಹಿಮ ಬಿದ್ದಿದೆ, ಹೋಗಿ ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ರಸ್ತೆ ತೆರೆದಿದ್ದರೆ ಖಂಡಿತ ಹೋಗಿ. ಅಕ್ಟೋಬರ್‌ನಲ್ಲಿ ಹುಲ್ಲುಗಾವಲಿನ ತುಂಬ ಚದುರಿಕೊಂಡಿರುವ ಫೆಸೆಂಟ್‌ಗಳನ್ನು (ಕೋಳಿ ಜಾತಿಯ ಉದ್ದ ಬಾಲದ ಕಾಡುಹಕ್ಕಿ) ಹಿಮವೇ ಕೆಲವು ಆಶ್ರಯಗಳಿಗೆ ಒಟ್ಟುಗೂಡಿಸಿಕೊಡುತ್ತದೆ. ಆ ಆಶ್ರಯಗಳನ್ನು ಮನೆಯಲ್ಲಿಯೇ ಕುಳಿತು ನಕ್ಷೆಯಲ್ಲಿ ಗುರುತಿಸಿಕೊಳ್ಳುವುದೇ ನಿಮ್ಮ ಸಿದ್ಧತೆಯ ಮುಖ್ಯ ಭಾಗ.

ರಾಜ್ಯದ ಬೇಟೆ ನಕ್ಷೆಯಲ್ಲಿ ಮೂರು ಬಗೆಯ ಜಾಗಗಳು ಕಾಣುತ್ತವೆ: ಬೇಟೆಯ ಪ್ರಾಣಿಪಕ್ಷಿಗಳಿಗಾಗಿ ರಾಜ್ಯದ ಒಡೆತನದಲ್ಲಿರುವ ಗೇಮ್ ಪ್ರೊಡಕ್ಷನ್ ಏರಿಯಾ, ಬಾತುಗಳಂಥ ನೀರುಹಕ್ಕಿಗಳಿಗಾಗಿ ಇರುವ ಕೇಂದ್ರ ಸರ್ಕಾರದ ವಾಟರ್‌ಫೌಲ್ ಪ್ರೊಡಕ್ಷನ್ ಏರಿಯಾ, ಮತ್ತು ರೈತರಿಂದ ಗುತ್ತಿಗೆ ಪಡೆದು ಕಾಲ್ನಡಿಗೆಯ ಬೇಟೆಗೆ ಬಿಟ್ಟಿರುವ ವಾಕ್-ಇನ್ ಏರಿಯಾ. ಇವುಗಳಲ್ಲಿ ಜೊಂಡು ದಟ್ಟವಾಗಿ ಬೆಳೆದ, ಅಗಲವಾದ ಜೌಗನ್ನೇ ಆರಿಸಿಕೊಳ್ಳಿ. ಕಿರಿದಾದ ಜೊಂಡಿನ ಪಟ್ಟಿಗಳೂ ಒಂದೆರಡು ಸಾಲಿನ ಮರಗಳೂ ಒಂದೇ ರಾತ್ರಿಯ ಗಾಳಿಗೆ ಹಿಮ ತುಂಬಿಕೊಂಡು ಮುಚ್ಚಿಹೋಗುತ್ತವೆ. ಅಗಲವಾದ ಜೌಗಿನಲ್ಲಾದರೆ ಗಾಳಿ ಬೀಸುವ ಬದಿಯ ಅಂಚು ಮಾತ್ರ ತುಂಬಿ, ನಡುವಿನ ಜೊಂಡಿನ ಬುಡ ಟೊಳ್ಳಾಗಿಯೇ ಉಳಿದಿರುತ್ತದೆ. ಅದರ ಪಕ್ಕದಲ್ಲಿ ಕಟಾವಾಗದ ಮೆಕ್ಕೆಜೋಳವೋ ಇಲಾಖೆಯವರು ಹಕ್ಕಿಗಳಿಗಾಗಿ ಬಿತ್ತಿದ ಮೇವಿನ ತುಂಡೋ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಇಂಥ ಐದಾರು ಜಾಗಗಳನ್ನಾದರೂ ಗುರುತು ಮಾಡಿಕೊಳ್ಳಿ, ಏಕೆಂದರೆ ಒಳರಸ್ತೆಗಳಲ್ಲಿ ಅನೇಕವನ್ನು ಚಳಿಗಾಲದಲ್ಲಿ ಯಾರೂ ತೆರವು ಮಾಡುವುದಿಲ್ಲ.

ಹಕ್ಕಿ ಇದೆಯೋ ಇಲ್ಲವೋ ಎಂಬುದನ್ನು ಹಿಮವೇ ಹೇಳುತ್ತದೆ. ಒಮ್ಮೆ ನನ್ನ ನಾಯಿ ಜೊಂಡಿನ ನಡುವೆ ಥಟ್ಟನೆ ನಿಂತಿತು. ಮೂರು ಬೆರಳಿನ ಹೆಜ್ಜೆಗಳ ಸಾಲು, ಅದರ ಹಿಂದೆಯೇ ಬಾಲ ಎಳೆದ ಸಣ್ಣ ಗೆರೆ, ಕೊನೆಗೆ ಹಿಮದ ಭಾರಕ್ಕೆ ಬಾಗಿದ ಜೊಂಡಿನ ಕೆಳಗೊಂದು ಪೊಟರೆ. ಪೊಟರೆಯಿಂದ ಹೊರಚಾಚಿದ ಪಟ್ಟೆಪಟ್ಟೆಯ ಬಾಲದ ತುದಿ ನನ್ನ ಬೂಟಿನಿಂದ ಒಂದು ಮೊಳ ದೂರದಲ್ಲಿತ್ತು. ಹೊಸ ಹಿಮದ ಮೊದಲ ಒಂದೆರಡು ದಿನ ಹುಂಜಗಳು ಹೀಗೆ ಬಿಗಿಯಾಗಿ ಕೂರುವುದುಂಟು. ಬಿಸಿಲು ಬಂದು ಹಿಮ ಗಟ್ಟಿಯಾದರೆ, ನಿಮ್ಮ ಕಾಲಿನ ಕರಕರ ಸದ್ದು ಕೇಳಿಯೇ ದೂರದಿಂದ ಎದ್ದುಬಿಡುತ್ತವೆ. ಆದ್ದರಿಂದ ಕಾರಿನ ಬಾಗಿಲನ್ನು ಬಡಿಯಬೇಡಿ, ನಾಯಿಯನ್ನು ಕೂಗಿ ಕರೆಯಬೇಡಿ, ಗಾಳಿಗೆ ಎದುರಾಗಿ ನಡೆಯಿರಿ.

ನಾನು ಕೊಡಗಿನವನು, ಕಾಡು ಸೋವಿ ಪ್ರಾಣಿಗಳನ್ನು ಅಟ್ಟುವವರು ಒಂದು ಕಡೆ, ಕೋವಿ ಹಿಡಿದು ಕಾಯುವವರು ಇನ್ನೊಂದು ಕಡೆ ಎಂಬ ಕ್ರಮವನ್ನು ಹಿರಿಯರ ಬಾಯಲ್ಲಿ ಕೇಳಿ ಬೆಳೆದವನು. ಇಲ್ಲಿಯೂ ಅದೇ ನಡೆಯುತ್ತದೆ. ನಿಮ್ಮ ಸ್ನೇಹಿತರು ಸುತ್ತುಹಾಕಿ ಹೋಗಿ ಜೌಗಿನ ಆ ತುದಿಯಲ್ಲಿ ಮೊದಲೇ ನಿಂತಿರಲಿ. ಹುಂಜಗಳು ಹಾರುವುದಕ್ಕಿಂತ ಓಡುವುದೇ ಹೆಚ್ಚು. ಇಬ್ಬರೂ ಕಿತ್ತಳೆ ಬಣ್ಣದ ಅಂಗಿ, ಟೋಪಿ ಧರಿಸಿರಲೇಬೇಕು, ತಗ್ಗಿನಲ್ಲಿ ಹಾರುವ ಹಕ್ಕಿಗೆ ಗುಂಡು ಹಾರಿಸಲೇಬಾರದು.

ಬೇಟೆಯ ಹೊತ್ತು ಬೆಳಗ್ಗೆ 10ರಿಂದ ಸೂರ್ಯಾಸ್ತದವರೆಗೆ, ದಿನಕ್ಕೆ ಒಬ್ಬರಿಗೆ 3 ಹುಂಜ, ಹೇಂಟೆಯನ್ನು ಹೊಡೆಯುವಂತಿಲ್ಲ. ಒಯ್ಯುವಾಗ ಹುಂಜವೆಂದು ಗುರುತಾಗುವಂತೆ ತಲೆಯನ್ನೋ ಒಂದು ಕಾಲನ್ನೋ ಉಳಿಸಿಕೊಳ್ಳಿ. ವಾಟರ್‌ಫೌಲ್ ಪ್ರೊಡಕ್ಷನ್ ಏರಿಯಾಗಳಲ್ಲಿ ಸೀಸದ ಚರೆಗೆ ನಿಷೇಧವಿರುವುದರಿಂದ ಉಕ್ಕಿನ ಚರೆಯ ತೋಟಾಗಳನ್ನೇ ಎಲ್ಲ ಕಡೆಗೂ ಒಯ್ಯುವುದು ಸುಲಭ. ಚಳಿಗಾಲದ ಹುಂಜದ ಗರಿ ದಪ್ಪ, ದೂರವೂ ಹೆಚ್ಚು. ಹಾಗಾಗಿ ನಾನು ಸ್ವಲ್ಪ ದಪ್ಪನೆಯ 3ನೆಯ ನಂಬರಿನ ಚರೆ ಬಳಸುತ್ತೇನೆ.

ನನಗೆ ನಿಜವಾಗಿ ಭಯವಿರುವುದು ಹಿಮದಡಿಯ ಮಂಜುಗಡ್ಡೆಯ ಬಗ್ಗೆ. ಹಿಮವೆಂಬುದು ಕಂಬಳಿಯಂತೆ ಹೊದ್ದುಕೊಂಡು ಮಂಜುಗಡ್ಡೆ ದಪ್ಪವಾಗದಂತೆ ತಡೆಯುತ್ತದೆ. ಮಸ್ಕ್‌ರ್‍ಯಾಟ್‌ಗಳು (ಜೌಗಿನಲ್ಲಿ ವಾಸಿಸುವ ಇಲಿಯಂಥ ಪ್ರಾಣಿಗಳು) ಜೊಂಡಿನಿಂದ ಕಟ್ಟಿದ ಗುಪ್ಪೆಗಳ ಸುತ್ತ, ನೀರಿನ ಒರತೆಯಿರುವ ಕಡೆ ಅದು ತೀರ ತೆಳು. ಅಲ್ಲಿಗೆ ಹೋಗಬೇಡಿ, ನಾಯಿಯನ್ನೂ ಬಿಡಬೇಡಿ. ಅದರ ಬೆರಳುಗಳ ನಡುವೆ ಕಟ್ಟುವ ಹಿಮದ ಉಂಡೆಗಳನ್ನು ಅರ್ಧ ಗಂಟೆಗೊಮ್ಮೆ ಬಿಡಿಸಿ. ಕಾರಿನಲ್ಲಿ ಸಲಿಕೆ, ಹಗ್ಗ, ಕಂಬಳಿ ಇರಲಿ.

ಸೂರ್ಯ ಮುಳುಗುವ ಹೊತ್ತಿಗೆ ಹಕ್ಕಿಗಳು ಮೇವು ಮುಗಿಸಿ ಜೊಂಡಿಗೆ ಮರಳುತ್ತವೆ, ಆಗ ಸುಲಭವಾಗಿ ಸಿಗುತ್ತವೆ. ಆದರೆ ತೀವ್ರ ಚಳಿಯ ಸಂಜೆ ಆ ಕೊನೆಯ ಅರ್ಧ ಗಂಟೆಯಲ್ಲಿ ಜೌಗಿಗೆ ನುಗ್ಗಿ ಹೇಂಟೆಗಳನ್ನೂ ಬಯಲಿಗೆ ಅಟ್ಟಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹಿಮಗಾಳಿಯ ಎಚ್ಚರಿಕೆ ಬಂದಿದ್ದರೆ ಪ್ರಯಾಣವನ್ನೇ ಮುಂದಕ್ಕೆ ಹಾಕಿ. ಬೇಟೆಯ ಅವಧಿ ಜನವರಿ 31ರವರೆಗೂ ಇದೆ.