‘ನಾಡೋಜ’ದಲ್ಲಿರುವ ‘ಓಜ’ ಅಂದರೆ ಯಾರು?

ನಾಡೋಜ ಪದದಲ್ಲಿರುವ ‘ಓಜ’ ಅಂದರೇನು, ಉಪಾಧ್ಯಾಯ, ಆಚಾರ್ಯ, ಗುರು ಇವೆಲ್ಲ ಒಂದೇನಾ ಅಂತ ಕೇಳಿದ್ದೀರಿ. ಓಜ ಅಂದರೆ ಓಜಸ್ಸು ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ನಾಡಿನ ತೇಜಸ್ಸು ಅಂತ ಅರ್ಥ ಬರುತ್ತದೆ, ಕೇಳೋದಕ್ಕೂ ಚೆನ್ನಾಗಿದೆ, ಅಲ್ವಾ? ಆದರೆ ತಪ್ಪು. ಓಜ ಅಂದರೆ ಸುಮ್ನೆ ಮೇಷ್ಟ್ರು.

ಇದು ‘ಉಪಾಧ್ಯಾಯ’ ಪದವೇ ಸವೆದು ಸವೆದು ಆದ ರೂಪ. ‘ಧ್ಯ’ ಅನ್ನೋದು ಪ್ರಾಕೃತಕ್ಕೆ ಹೋದಾಗ ‘ಜ್ಝ’ ಆಗುತ್ತದೆ, ‘ಪ’ ಮೆತ್ತಗಾಗಿ ‘ವ’ ಆಗುತ್ತದೆ. ಹಾಗಾಗಿ ಉವಜ್ಝಾಯ. ಜೈನರ ಣಮೋಕಾರ ಮಂತ್ರ ಕೇಳಿದ್ದರೆ ‘ಣಮೋ ಉವಜ್ಝಾಯಾಣಂ’ ಅನ್ನೋ ಸಾಲು ನೆನಪಿರಬಹುದು. ಉಪಾಧ್ಯಾಯರಿಗೆ ನಮಸ್ಕಾರ ಅಂತ. ಅದು ಇನ್ನೂ ಸವೆದು ಕನ್ನಡದಲ್ಲಿ ಓಜ ಆಯಿತು. ಉತ್ತರದಲ್ಲಿ ಓಝಾ ಆಯಿತು, ಅದೂ ಉದ್ದ ಆಯಿತೇನೋ, ಬರೀ ಝಾ ಆಯಿತು. ನಾಲ್ಕಕ್ಷರದ ಪದ ಒಂದೇ ಅಕ್ಷರಕ್ಕೆ ಬಂದು ನಿಂತಿತು! ಬಂಗಾಳದವರು ಮಾತ್ರ ಮುಖೋಪಾಧ್ಯಾಯ, ಚಟ್ಟೋಪಾಧ್ಯಾಯ ಅಂತ ಪೂರ್ತಿ ಪದವನ್ನೇ ಹೆಸರಿನ ಬಾಲದಲ್ಲಿ ಉಳಿಸಿಕೊಂಡರು.

ನನಗೆ ಜಾಸ್ತಿ ಇಷ್ಟವಾದ ಸಂಗತಿ ಮುಂದಿನದು. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು. ಅಲ್ಲಿ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿಕೊಂಡಿದ್ದಾರೆ. ಅವರಲ್ಲಿ ಒಬ್ಬ ಬಳ್ಳಿಗಾವೆಯ ದಾಸೋಜ. ಆ ಹೆಸರನ್ನು ಬಿಡಿಸಿ ನೋಡಿ: ದಾಸ, ಓಜ. ನಾಗೋಜ ಅನ್ನೋ ಹೆಸರೂ ಹೀಗೇ ಆದದ್ದು. ಉಳಿ ಹಿಡಿದವನಿಗೂ ಪಾಠ ಹೇಳುವವನಿಗೂ ಒಂದೇ ಪದ. ಕಲ್ಲು ಕೆತ್ತೋದನ್ನೂ ಒಬ್ಬರು ಕೂರಿಸಿಕೊಂಡು ಕಲಿಸಲೇಬೇಕಲ್ಲ, ಅವರೂ ಮೇಷ್ಟ್ರೇ.

‘ಆಚಾರ್ಯ’ ಪದದ್ದೂ ಇದೇ ಕತೆ. ಒಂದು ಕಡೆ ಅದು ಶಂಕರಾಚಾರ್ಯ, ಮಧ್ವಾಚಾರ್ಯ ಅಂತ ಮಠದ ಕಡೆ ಹೋಯಿತು. ಇನ್ನೊಂದು ಕಡೆ ಆಚಾರಿ ಆಗಿ ಮರಗೆಲಸ, ಚಿನ್ನದ ಕೆಲಸದವರ ಹತ್ತಿರ ಬಂತು. ಇದು ಇತ್ತೀಚಿನದೇನಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ 8ನೇ ಶತಮಾನದ್ದು. ಅದನ್ನು ಕಟ್ಟಿದ ಗುಂಡನನ್ನು ಶಾಸನ ‘ಅನಿವಾರಿತಾಚಾರಿ’ ಅಂತಲೇ ಕರೆಯುತ್ತದೆ.

ಇನ್ನು ವ್ಯತ್ಯಾಸದ ಮಾತು. ಹಳೆಯ ಲೆಕ್ಕದಲ್ಲಿ ಉಪಾಧ್ಯಾಯ, ಆಚಾರ್ಯ ಒಂದೇ ಅಲ್ಲ. ಮನುಸ್ಮೃತಿಯ ಪ್ರಕಾರ ಉಪನಯನ ಮಾಡಿಸಿ ಇಡೀ ವೇದ ಕಲಿಸುವವನು ಆಚಾರ್ಯ. ವೇದದ ಒಂದು ಭಾಗವನ್ನೋ ವೇದಾಂಗವನ್ನೋ ಹೊಟ್ಟೆಪಾಡಿಗಾಗಿ ಹೇಳಿಕೊಡುವವನು ಉಪಾಧ್ಯಾಯ. ಹತ್ತು ಉಪಾಧ್ಯಾಯರಿಗಿಂತ ಒಬ್ಬ ಆಚಾರ್ಯ ಹೆಚ್ಚು ಅಂತಲೂ ಅಲ್ಲೇ ಹೇಳಿದೆ. ಸಂಬಳಕ್ಕೆ ಪಾಠ ಮಾಡುವವರ ಬಗ್ಗೆ ಮೂಗು ಮುರಿಯೋದು ಇವತ್ತಿನ ಚಾಳಿ ಅಲ್ಲ ಅನ್ನೋದು ಇದರಿಂದ ಗೊತ್ತಾಗುತ್ತದೆ.

ಗುರು ಅಂದರೆ ಮೂಲತಃ ಭಾರವಾದದ್ದು. ಛಂದಸ್ಸಿನಲ್ಲಿ ಲಘು, ಗುರು ಅಂತ ಹಾಕ್ತೀವಲ್ಲ, ಅದೇ. ಇನ್ನು ನಮ್ಮ ‘ಮೇಷ್ಟ್ರು’ ಬಂದದ್ದು ಮಾಸ್ಟರ್‌ನಿಂದ. ಅದರ ಹಿಂದಿರುವ ಲ್ಯಾಟಿನ್ ಪದಕ್ಕೆ ‘ಹೆಚ್ಚಿನವನು’ ಅಂತ ಅರ್ಥ. ಒಂದು ಕಡೆ ತೂಕ ಜಾಸ್ತಿ, ಇನ್ನೊಂದು ಕಡೆ ಸ್ಥಾನ ಜಾಸ್ತಿ, ಅಷ್ಟೇ.

ನಾಡೋಜಕ್ಕೆ ವಾಪಸ್ ಬಂದರೆ, ಅದು ನಾಡಿನ ಓಜ. ಆದಿಕವಿ ಪಂಪನನ್ನು ಹಾಗೆ ಕರೆದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ತಾನು ಕೊಡುವ ಗೌರವ ಪದವಿಗೆ ಇದೇ ಹೆಸರಿಟ್ಟಿದೆ. ಡಾಕ್ಟರ್ ಅನ್ನೋದಕ್ಕೂ ಲ್ಯಾಟಿನ್ನಿನಲ್ಲಿ ‘ಕಲಿಸುವವನು’ ಅಂತಲೇ ಅರ್ಥ. ಹಾಗಾಗಿ ಗೌರವ ಡಾಕ್ಟರೇಟಿಗೆ ಇದಕ್ಕಿಂತ ಒಳ್ಳೆಯ ಕನ್ನಡ ಪದ ನನಗಂತೂ ಹೊಳೆಯೋದಿಲ್ಲ.