ಸೆಕೆಂಡ್ ಹ್ಯಾಂಡ್ ಲಕ್ಷುರಿ ಎಸ್‌ಯುವಿ: ಆನೆ ಸಾಕಿದವನ ಲೆಕ್ಕ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಕೆಲಸ ಪುಣೆಯಲ್ಲಿ, ಊರು ಹುಬ್ಬಳ್ಳಿ ಕಡೆ, ಕೈಯಲ್ಲಿ 25 ಲಕ್ಷ ಇದೆ. ಅಷ್ಟಕ್ಕೆ ಹೊಸ ಕ್ರೆಟಾ ಬರುತ್ತದೆ, ಏಳೆಂಟು ವರ್ಷದ ಜರ್ಮನ್ ಎಸ್‌ಯುವಿಯೂ ಬರುತ್ತದೆ. ಎರಡನೆಯದನ್ನು ತಗೊಂಡು ಸುಖಪಟ್ಟವರು ಯಾರಾದರೂ ಇದ್ದಾರಾ ಅಂತ ಕೇಳಿದ್ದೀರಿ.

ನಾನಿದ್ದೇನೆ. ಅತ್ತವನೂ ನಾನೇ.

2022ರಲ್ಲಿ ತಗೊಂಡೆ. 2017ರ ಗಾಡಿ, ಮೂರು ಲೀಟರಿನ ಆರು ಸಿಲಿಂಡರ್ ಡೀಸೆಲ್, ಏರ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗಿನ ಬದಲು ಗಾಡಿಯ ಭಾರ ಹೊರುವ ಗಾಳಿಚೀಲಗಳು. ಕಂಪನಿ ಯಾವುದು ಅಂತ ಹೇಳುವುದಿಲ್ಲ, ಈ ವರ್ಗದ ಗಾಡಿಗಳ ಕಷ್ಟಸುಖ ಹೆಚ್ಚುಕಮ್ಮಿ ಒಂದೇ. ಹೊಸದಿದ್ದಾಗ ಆನ್-ರೋಡ್ 85 ಲಕ್ಷದ ಹತ್ತಿರ ಇತ್ತು, ನನಗೆ 31ಕ್ಕೆ ಸಿಕ್ಕಿತು. ಮೋಸ ಹೋಗುವುದು ಈ ಲೆಕ್ಕದಲ್ಲೇ. ಗಾಡಿಯ ಬೆಲೆ ಇಳಿದಿದೆ, ಅದರೊಳಗಿನ ಸಾಮಾನಿನ ಬೆಲೆ ಇಳಿದಿಲ್ಲ. ನೀವು ಕೊಡುವುದು 25 ಲಕ್ಷ, ಅದು ತಿನ್ನುವುದು 85 ಲಕ್ಷದ ಗಾಡಿಯ ಹಾಗೆಯೇ.

ಮೊದಲ ಸಲ ಧಾರವಾಡಕ್ಕೆ ಒಯ್ದಾಗ ಅವ್ವ ಹೊರಗೆ ಬಂದು ನಿಂತಳು. ಎರಡೂ ಮೊಣಕಾಲು ನೋವು, ನನ್ನ ಹಳೇ ಗಾಡಿ ಹತ್ತಬೇಕಾದರೆ ಪ್ಲಾಸ್ಟಿಕ್ ಸ್ಟೂಲ್ ಇಡಬೇಕಿತ್ತು. ಈ ಗಾಡಿಯ ಎತ್ತರ ನೋಡಿಯೇ "ನಾ ಒಲ್ಲೆಪಾ" ಅಂದಳು. ಗುಂಡಿ ಒತ್ತಿದೆ. ಗಾಡಿ ಒಮ್ಮೆ ಉಸಿರು ಬಿಟ್ಟು ಮೆಲ್ಲಗೆ ನಾಲ್ಕೈದು ಸೆಂಟಿಮೀಟರ್ ತಗ್ಗಿತು. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು: "ಏನಪಾ ಇದು, ಆನಿ ಮಣಕಾಲ ಊರಿದಂಗ ಆತಲ್ಲ!" ಸ್ಟೂಲ್ ಇಲ್ಲದೆ ಹತ್ತಿ ಕೂತಳು. ಆ ದಿನ ನನಗೆ 31 ಲಕ್ಷ ದುಬಾರಿ ಅನ್ನಿಸಲಿಲ್ಲ.

ಮುಂದಿನ ವರ್ಷ ಜೂನಿನ ಒಂದು ಬೆಳಗ್ಗೆ ಹೆಂಡತಿ ಬಾಲ್ಕನಿಯಿಂದ ಕೂಗಿದಳು, "ರೀ, ನಿಮ್ಮ ಆನಿ ಕೂತೈತಿ ನೋಡ್ರಿ." ಕೆಳಗೆ ಹೋಗಿ ನೋಡಿದರೆ ಮುಂದಿನ ಎಡಗಡೆ ಟಯರಿನ ಮೇಲೆ ಬೆರಳು ತೂರದಷ್ಟು ಕುಸಿದಿದೆ. ಸ್ಟಾರ್ಟ್ ಮಾಡಿದರೆ ಒಂದು ನಿಮಿಷದಲ್ಲಿ ಏನೂ ಆಗಿಲ್ಲವೆಂಬಂತೆ ಎದ್ದು ನಿಂತಿತು. ನಾನೂ ಏನೂ ಆಗಿಲ್ಲ ಅಂದುಕೊಂಡು ಎರಡು ತಿಂಗಳು ಓಡಿಸಿದೆ. ಅದೇ ತಪ್ಪಾಯಿತು. ಪುಣೆಯ ಭೋಸರಿಯಲ್ಲಿ ವಿಜಯಪುರ ಕಡೆಯ ಒಬ್ಬ ಮೆಕ್ಯಾನಿಕ್ ಇದ್ದಾನೆ. ಚಕ್ರ ಬಿಚ್ಚಿ, ಗಾಳಿ ತುಂಬಿದ ರಬ್ಬರ್ ಚೀಲದ ಮೇಲೆ ಸೋಪಿನ ನೀರು ಹೊಡೆದ, ಸೈಕಲ್ ಪಂಕ್ಚರ್ ನೋಡುವ ಹಾಗೆ. ಮಡಿಕೆಯ ಸಂದಿಯಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಅಲ್ಲಿಂದ ಸೋರುವ ಗಾಳಿಯನ್ನು ತುಂಬಿಸಲು ಕಂಪ್ರೆಸರ್ ಎರಡು ತಿಂಗಳು ಪುರುಸೊತ್ತಿಲ್ಲದೆ ಓಡಿದೆ. "ಸರ್, ಕಂಪ್ರೆಸರ್ ಕೆಟ್ಟಿಲ್ರಿ, ದುಡದು ದುಡದು ಸತ್ತೈತಿ" ಅಂದ. ಎರಡೂ ಸೇರಿ 1 ಲಕ್ಷ 70 ಸಾವಿರ, ಅದೂ ಹೊರಗಿನ ಗ್ಯಾರೇಜಿನಲ್ಲಿ. ಗಾಡಿ ಕುಸಿದ ದಿನವೇ ಹೋಗಿದ್ದರೆ ಕಂಪ್ರೆಸರಿನ 60 ಸಾವಿರ ಉಳಿಯುತ್ತಿತ್ತು.

ಅವ್ವನನ್ನು ಸಲೀಸಾಗಿ ಹತ್ತಿಸಿದ್ದೂ, ನನ್ನ ಜೇಬಿಗೆ ಕತ್ತರಿ ಹಾಕಿದ್ದೂ ಒಂದೇ ರಬ್ಬರ್ ಚೀಲ. ಇದರಲ್ಲಿ ಸುಖ ಬೇರೆ ಖರ್ಚು ಬೇರೆ ಅಂತ ಎರಡು ಪಟ್ಟಿ ಮಾಡಲು ಹೋದರೆ ಆಗುವುದಿಲ್ಲ. ಖಂಬಾಟಕಿ ಘಾಟಿನಲ್ಲಿ ನಾಲ್ಕು ಜನ, ಲಗೇಜು, ಎಸಿ ಎಲ್ಲ ಇದ್ದೂ ಏದುಸಿರು ಬಿಡದೆ ಏರುವ ಎಂಜಿನ್ನೇ ಹಿಂಜವಡಿ ಟ್ರಾಫಿಕ್ಕಿನಲ್ಲಿ ಲೀಟರಿಗೆ ಏಳೆಂಟು ಕೊಡುತ್ತದೆ. ಹೈವೇಯಲ್ಲಿ ಹನ್ನೆರಡು ಹದಿಮೂರು. ಮಳೆಯಲ್ಲಿ ರಸ್ತೆಯನ್ನು ಕಚ್ಚಿ ಹಿಡಿಯುವ ನಾಲ್ಕೂ ಚಕ್ರದ ಡ್ರೈವ್ ಇದೆಯಲ್ಲ, ಅದರಿಂದಾಗಿ ಒಂದು ಟಯರ್ ಹಾಳಾದರೆ ಒಂದನ್ನೇ ಬದಲಿಸುವ ಹಾಗಿಲ್ಲ. ಸವೆದದ್ದು ಮತ್ತು ಹೊಸದರ ಸುತ್ತಳತೆಯಲ್ಲಿ ವ್ಯತ್ಯಾಸ ಬಂದರೆ ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು. ಸಾತಾರಾದ ಹತ್ತಿರ ರಸ್ತೆ ಕೆಲಸದ ಡೈವರ್ಶನ್ನಿನಲ್ಲಿ ಒಂದು ಗುಂಡಿಗೆ ಬಿದ್ದು ಒಂದು ಟಯರ್ ಹರಿಯಿತು. ಕೊನೆಗೆ ನಾಲ್ಕನ್ನೂ ಹಾಕಿಸಿದೆ, ಸವಾ ಲಕ್ಷ.

ಸರ್ವೀಸು, ಟಯರು, ಬ್ರೇಕು, ಬ್ಯಾಟರಿ, ವಿಮೆ ಎಲ್ಲ ಸೇರಿ ಮೂರು ವರ್ಷಕ್ಕೆ ನನಗೆ ಬಿದ್ದದ್ದು 7 ಲಕ್ಷ 80 ಸಾವಿರ. ತಿಂಗಳಿಗೆ 21–22 ಸಾವಿರ, ಡೀಸೆಲ್ ಬಿಟ್ಟು. ಕಂಪನಿಯ ವರ್ಕ್‌ಶಾಪಿನಲ್ಲೇ ಎಲ್ಲ ಮಾಡಿಸಿದ್ದರೆ ಇನ್ನೂ ಹೆಚ್ಚಾಗುತ್ತಿತ್ತು.

ಬೆಲೆ ಬೇರೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲೆ ಜಿಎಸ್‌ಟಿ ಮತ್ತು ಸೆಸ್ ಸೇರಿ 50% ಇದ್ದದ್ದು 40% ಆಯಿತು. ಹೊಸದರ ಬೆಲೆ ಇಳಿದ ಮೇಲೆ ಹಳೆಯದನ್ನು ಯಾರು ಕೇಳುತ್ತಾರೆ? ಸುಮ್ಮನೆ ಕೇಳಿ ನೋಡೋಣ ಅಂತ ಹೋದರೆ 19 ಲಕ್ಷ ಅಂದರು. ನನಗೆ ಹೊಟ್ಟೆ ಉರಿದದ್ದು ನಿಜ. ಕೊಳ್ಳುವ ನಿಮಗೆ ಇದೇ ಚೌಕಾಶಿಗೆ ಅಸ್ತ್ರ.

ಊರು ಕರ್ನಾಟಕ ಅಂದಿರಿ, ಅದಕ್ಕೆ ಒಂದು ಮಾತು. ಮುಂದೆ ಹುಬ್ಬಳ್ಳಿಗೋ ಬೆಂಗಳೂರಿಗೋ ಮರಳುವ ಯೋಚನೆ ಇದ್ದರೆ ಎಂಎಚ್ (ಮಹಾರಾಷ್ಟ್ರ ನಂಬರಿನ) ಗಾಡಿ ತಗೊಳ್ಳುವ ಮುನ್ನ ಲೈಫ್ ಟ್ಯಾಕ್ಸ್, ಅಂದರೆ ನಂಬರ್ ಮಾಡಿಸುವಾಗ ಒಮ್ಮೆಗೇ ಕಟ್ಟುವ ರಸ್ತೆ ತೆರಿಗೆ, ನೆನಪಿರಲಿ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಲೇಬೇಕು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ 18%. ಹಳೆಯದಕ್ಕೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ಆದರೂ ಸಣ್ಣ ಮೊತ್ತವಲ್ಲ. ದೆಹಲಿಯ ಗಾಡಿ ಅಗ್ಗ ಅಂತ ತೋರಿಸುತ್ತಾರೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್ಲಿಗೆ ಹಾಕಿದ್ದ ನಿರ್ಬಂಧದ ಭಯದಿಂದ ಅಗ್ಗವಾಗಿದೆ ಅಷ್ಟೇ, ಎನ್‌ಒಸಿ (ಅಲ್ಲಿನ ಆರ್‌ಟಿಒದ ಒಪ್ಪಿಗೆ ಪತ್ರ), ತೆರಿಗೆ ಎಲ್ಲ ಸೇರಿಸಿದರೆ ಅಲ್ಲಿಗಲ್ಲಿಗೆ. ಮುಂಬೈ ಗಾಡಿಯಾದರೆ ಮಳೆನೀರಿನಲ್ಲಿ ಮುಳುಗಿತ್ತೋ ನೋಡಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ. ಒಳಗಿದ್ದ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಅಲ್ಲಿಂದಲೇ ನಮಸ್ಕಾರ ಹೇಳಿ.

2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆಯ ಮಿತಿಯ ಹೊಸ ನಿಯಮದ) ಡೀಸೆಲ್ ನೋಡುತ್ತಿದ್ದರೆ ಅದರಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಆಗಾಗ ಹೈವೇ ಓಟ ಬೇಕು. ಮನೆಯಿಂದ ಆಫೀಸಿಗೆ ಆರು ಕಿಲೋಮೀಟರ್ ತೆವಳುವವರಿಗೆ ಅದು ಕಟ್ಟಿಕೊಂಡೇ ಹೋಗುತ್ತದೆ. ಅಂಥವರು ಪೆಟ್ರೋಲ್ ನೋಡುವುದು ಲೇಸು.

ಇನ್ನೊಂದು, ಎರಡನೇ ಕೀಲಿ. ನನಗೆ ಮಾರಿದ ಡೀಲರ್ ಒಂದೇ ಕೊಟ್ಟು, ಇನ್ನೊಂದು ಕೇಳಿದ್ದಕ್ಕೆ ಆನೆ ಮಾರಿ ಅಂಕುಶಕ್ಕೆ ಜಗಳ ತೆಗೆದ ಹಾಗೆ ಆಡಿದ. ಹೊಸದಾಗಿ ಮಾಡಿಸಿದಾಗ ಗೊತ್ತಾಯಿತು ಯಾಕೆ ಅಂತ. ಅಡ್ವಾನ್ಸ್ ಕೊಡುವ ಮೊದಲೇ ಕೇಳಿ.

ಹಾಗಾದರೆ ತಗೊಳ್ಳಬೇಕಾ? ನಿಮ್ಮ 25ರಲ್ಲಿ 25ರ ಗಾಡಿ ಖಂಡಿತ ಬೇಡ. 19–20ರದ್ದು ತಗೊಂಡು ಉಳಿದದ್ದನ್ನು ಎಫ್‌ಡಿಯಲ್ಲಿ ಇಟ್ಟು, ಅದು ನಿಮ್ಮದಲ್ಲ, ಗಾಡಿಯದ್ದು ಅಂತ ಮನೆಯಲ್ಲಿ ಹೇಳಿಬಿಡುವ ಧೈರ್ಯ ಇದ್ದರೆ ತಗೊಳ್ಳಿ. ಮನೆಯಲ್ಲಿ ಇನ್ನೊಂದು ಸಣ್ಣ ಗಾಡಿ ಇರಲಿ, ಇದು ಗ್ಯಾರೇಜಿನಲ್ಲಿ ವಾರಗಟ್ಟಲೆ ಬಿಡಿಭಾಗಕ್ಕೆ ಕಾಯುವಾಗ ತರಕಾರಿ ತರಲಾದರೂ ಬೇಕಲ್ಲ. ಸಾಲ ಮಾಡಿ ತಗೊಳ್ಳುವುದಾದರೆ ಕ್ರೆಟಾನೇ ಸರಿ, ಎರಡನೇ ಮಾತೇ ಇಲ್ಲ. ನಾನು ಯಾಕೆ ಇನ್ನೂ ಮಾರಿಲ್ಲ ಅಂತ ಕೇಳಬೇಡಿ. ಅವ್ವ ಈಗಲೂ ಫೋನಿನಲ್ಲಿ ಮೊದಲು ಕೇಳುವುದು "ಆನಿ ತಗೊಂಡು ಬರ್ತಿಯೇನ?" ಅಂತ.

ನೋಡಲು ಹೋಗುವುದಾದರೆ ಬೆಳಗ್ಗೆ ಏಳಕ್ಕೇ ಹೋಗಿ. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ರಾತ್ರಿಯೇ ಹೇಳಿಡಿ. ಜೇಬಿನಲ್ಲೊಂದು ಟೇಪು ಇರಲಿ. ಬಾನೆಟ್ ತೆಗೆಯುವ ಮೊದಲು ಚಕ್ರದ ನಡುವಿನಿಂದ ಮೇಲಿನ ಕಮಾನಿನವರೆಗೆ ನಾಲ್ಕೂ ಕಡೆ ಅಳೆಯಿರಿ, ಎಡ ಬಲ ತಾಳೆ ನೋಡಿ. ಆಮೇಲೆ ಬಾನೆಟ್ ಮುಟ್ಟಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಆನೆಯನ್ನು ಎಬ್ಬಿಸಿ ನಿಲ್ಲಿಸಿದ್ದಾರೆ ಅಂತ ಅರ್ಥ.