ಸಂಸ್ಕಾರ ಕಾದಂಬರಿಯಲ್ಲಿ ಹೆಂಗಸರು ಬರೀ ಆಚಾರ್ಯರ ಕಥೆಗೆ ನೆಪನಾ?

ನೀವು ಸ್ವಲ್ಪ ಸಿಟ್ಟಲ್ಲೇ ಕೇಳಿರೋದು ಯು. ಆರ್. ಅನಂತಮೂರ್ತಿಯವರ ಸಂಸ್ಕಾರದಲ್ಲಿ (1965) ನಾರಣಪ್ಪನ ಜೊತೆ ಬಾಳಿದ ಚಂದ್ರಿ, ಆಚಾರ್ಯರ ಹೆಂಡತಿ ಭಾಗೀರಥಿ ಇಬ್ರೂ ಅಗ್ರಹಾರದ ದೊಡ್ಡ ಪಂಡಿತ ಪ್ರಾಣೇಶಾಚಾರ್ಯರ ಬದಲಾವಣೆಗೆ ಬರೀ ನೆಪನಾ ಅಂತ. ಅರ್ಧ ಹೌದು ಅಂತೀನಿ, ಇನ್ನರ್ಧಕ್ಕೆ ಸ್ವಲ್ಪ ತಕರಾರಿದೆ.

ಡಿಗ್ರಿಲಿ ಓದ್ದಾಗ ನಂಗೂ ಆಚಾರ್ಯರು ಒಬ್ರೇ ಕಂಡಿದ್ದು, ನವ್ಯ, ಅಸ್ತಿತ್ವವಾದ, ಆಯ್ಕೆ ಅಂತ ನೋಟ್ಸ್ ಉರು ಹೊಡ್ದು ಪರೀಕ್ಷೆ ಬರ್ದಾಯ್ತು. ಆಮೇಲೆ ಹಾಸಿಗೆ ಹಿಡಿದಿದ್ದ ಅತ್ತೆನ ನಾಲ್ಕು ವರ್ಷ ನೋಡ್ಕೊಂಡೆ, ಆಗ ರಾತ್ರಿ ನಿದ್ದೆ ಬರ್ದೆ ಮತ್ತೆ ಓದೋಕೆ ಕೂತ್ರೆ ಮೊದಲ ಪುಟದಲ್ಲೇ ಸಿಕ್ಕಾಕ್ಕೊಂಡೆ. ಆಚಾರ್ಯರು ಕಾಯಿಲೆ ಹೆಂಡತಿಗೆ ಸ್ನಾನ ಮಾಡ್ಸ್ತಾರೆ, ಉಣ್ಣಿಸ್ತಾರೆ, ಗಂಡಸು ಹೆಂಗಸ್ರ ಕೆಲ್ಸ ಮಾಡ್ತಿದಾನೆ ಸರಿ, ಆದ್ರೆ ಅದು ಅವರ ಲೆಕ್ಕದಲ್ಲಿ ತಪಸ್ಸು, ಮೋಕ್ಷಕ್ಕೆ ದಾರಿ. ನಾನು ಮಾಡಿದ್ದನ್ನ ಯಾರೂ ತಪಸ್ಸು ಅನ್ನಲಿಲ್ಲ ಬಿಡಿ, ಸೊಸೆ ಅಂದ್ಮೇಲೆ ಮಾಡ್ಬೇಕು ಅಷ್ಟೇ! ಭಾಗೀರಥಿ ಪಾಪ, ಇನ್ನೊಂದು ಮದುವೆ ಮಾಡ್ಕೊಳ್ಳಿ, ಮನೆಗೊಂದು ಮಗು ಬೇಡ್ವಾ ಅಂತಾಳೆ, ಅವರು ನಕ್ಕು ಸುಮ್ಮನಾಗ್ತಾರೆ. ಅವಳು ಹಾಸಿಗೆಲೇ ಇರೋದು ಅವರಿಗೆ ಬೇಕಾಗಿತ್ತು ಅಂತ ನಂಗೆ ಆಗ ಅನ್ನಿಸ್ತು.

ಇನ್ನು ಚಂದ್ರಿ. ಬ್ರಾಹ್ಮಣ್ಯ ಬಿಟ್ಟು ಬಾಳಿದ ನಾರಣಪ್ಪ ಸತ್ತಿದಾನೆ, ಯಾರು ಸುಡಬೇಕು ಅಂತ ತೀರ್ಮಾನ ಆಗ್ದೆ ಹೆಣ ಕೊಳೀತಿದೆ, ಶವಸಂಸ್ಕಾರ ಆಗೋವರ್ಗೂ ಅಗ್ರಹಾರದಲ್ಲಿ, ಅಂದ್ರೆ ಬ್ರಾಹ್ಮಣರ ಕೇರಿಲಿ, ಯಾರೂ ಉಣ್ಣೋ ಹಾಗಿಲ್ಲ, ಅವಳು ಖರ್ಚಿಗೆ ಅಂತ ಮೈಮೇಲಿನ ಬಂಗಾರ ಬಿಚ್ಚಿ ಆಚಾರ್ಯರ ಮುಂದೆ ಇಟ್ಟುಬಿಡ್ತಾಳೆ. ಅಲ್ಲಿವರೆಗೆ ಹೆಣ ಮುಟ್ಟೋಕೆ ಹೇಸಿದ್ದ ಮನೆಗಳಲ್ಲೇ ಆಮೇಲೆ ಆ ಬಂಗಾರ ಯಾರಿಗೆ ಅಂತ ಪೈಪೋಟಿ. ಕೊನೆಗೆ ರಾತ್ರೋರಾತ್ರಿ ಮೀನು ವ್ಯಾಪಾರಿ ಅಹಮದ್ ಬ್ಯಾರಿ ಸಹಾಯ ತಗೊಂಡು ಹೆಣ ಸುಟ್ಟು ಹೋಗೋದೂ ಅವಳೇ. ಇದು ಗೊತ್ತಿಲ್ದೆ ಬ್ರಾಹ್ಮಣ್ರು ಧರ್ಮಶಾಸ್ತ್ರದ ಉತ್ತರ ಕೇಳ್ಕೊಂಡು ಕೈಮರ ಅನ್ನೋ ಊರಿಗೆ, ಅಲ್ಲಿಂದ ಮಠಕ್ಕೆ ನಡೀತಾನೇ ಇರ್ತಾರೆ, ಇಲ್ಲಿ ಹೆಣ ಬೂದಿ ಆಗಿದೆ. ಅಂದ್ರೆ ಹೆಸರಲ್ಲಿರೋ ಸಂಸ್ಕಾರನ ನಿಜವಾಗಿ ಮಾಡಿದ್ದು ಮಂತ್ರ ಹೇಳೋ ಅಧಿಕಾರ ಇಲ್ಲದ ಒಬ್ಬ ಹೆಂಗಸು. ನನ್ನ ತಕರಾರು ಇದೇ, ಇಷ್ಟು ಮಾಡಿದವಳನ್ನ ನೆಪ ಅನ್ನೋದು ಹೇಗೆ?

ಆದ್ರೆ ನಿಮ್ಮ ಸಿಟ್ಟೂ ಸುಳ್ಳಲ್ಲ. ಬ್ರಾಹ್ಮಣ ಹೆಂಗಸರು ಅಂದ್ರೆ ಒಣಗಿದವರು, ಚಂದ್ರಿ, ದಲಿತರ ಹುಡುಗಿ ಬೆಳ್ಳಿ ಅಂದ್ರೆ ಮೈತುಂಬಿದವರು, ಈ ಅಳತೆ ಪೂರ್ತಿ ಗಂಡಸಿನ ಕಣ್ಣಿಂದು, ಕೆಲವು ಕಡೆ ಓದೋಕೆ ಮುಜುಗರ ಆಗತ್ತೆ. ಒಂದು ಕೆಲ್ಸ ಮಾಡಿ, ಚಂದ್ರಿ ಕಥೆಯಿಂದ ಹೊರಟುಹೋಗೋ ಪುಟಕ್ಕೆ ಒಂದು ಚೀಟಿ ಇಟ್ಟು, ಮುಂದೆ ಎಷ್ಟು ಪುಟ ಉಳಿದಿದೆ ನೋಡಿ. ಚಂದ್ರಿ ಜೊತೆ ಕಾಡಲ್ಲಿ ಒಂದು ರಾತ್ರಿ ಕಳೆದು, ಆಮೇಲೆ ಊರು ಬಿಟ್ಟು ಹೊರಟ ಆಚಾರ್ಯರಿಗೆ ದಾರಿಲಿ ಜೊತೆಯಾಗೋ ಪುಟ್ಟ ಸಿಗ್ತಾನೆ, ಮೇಳಿಗೆ ಜಾತ್ರೆ ಸಿಗತ್ತೆ, ಕೋಳಿ ಅಂಕ, ಕಾಫಿ, ಪುಟ್ಟ ಪರಿಚಯ ಮಾಡ್ಸೋ ಪದ್ಮಾವತಿ ಅನ್ನೋ ಹೆಂಗಸು, ಪುಟಗಟ್ಟಲೆ ತಳಮಳ. ಚಂದ್ರಿಗೆ ಕುಂದಾಪುರದ ದಾರಿ, ಅಷ್ಟೇ.